ಪ್ರವಾಸಿಗರೇ ಕಸ ಹಾಕಬೇಡಿ

ಮಡಿಕೇರಿ ಸುತ್ತಮುತ್ತಲಿನ ಫಲಕಗಳಲ್ಲಿ ನನಗೆ ತೀರಾ ಇಷ್ಟವಾದದ್ದು ‘ಪ್ರವಾಸಿಗರೇ ಕಸ ಹಾಕಬೇಡಿ’. ಮೊದಲ ಪದವಾದ ಮೇಲೆ ಒಂದು ಅಲ್ಪವಿರಾಮ ಬಿದ್ದಿದ್ದರೆ ಅದು ವಿನಂತಿ. ಬೀಳದ್ದರಿಂದ ತೀರ್ಪು. ಶನಿವಾರ ಬೆಳಗ್ಗೆ ಕುಶಾಲನಗರದಿಂದ ಘಾಟಿ ಹತ್ತುವ ಕಾರುಗಳನ್ನೂ ಭಾನುವಾರ ಸಂಜೆ ಚರಂಡಿಯಲ್ಲಿ ಉಳಿಯುವ ಬಾಟಲಿಗಳನ್ನೂ ನೋಡಿದ ಯಾವ ಊರಿನವನೂ ಆ ಅಲ್ಪವಿರಾಮ ಬೇಕೆಂದು ಪಂಚಾಯಿತಿಗೆ ಅರ್ಜಿ ಕೊಡಲಾರ. ಬಾಯಿಬಿಟ್ಟು ಹೇಳುವಂತಿಲ್ಲ ನೋಡಿ, ಅಕ್ಕಪಕ್ಕದವರದ್ದೆಲ್ಲ ಹೋಂಸ್ಟೇ. ಹೇಳಲಾಗದ್ದನ್ನು ಫಲಕ ಹೇಳುತ್ತಿದೆ, ಹೇಳಲಿ ಬಿಡಿ.

ನಮ್ಮಲ್ಲಿ ಲೇಖನ ಚಿಹ್ನೆ ತಪ್ಪಿದಾಗಲೆಲ್ಲ ಸತ್ಯ ಹೊರಬರುತ್ತದೆ ಎಂಬುದು ನನ್ನ ಬಹುಕಾಲದ ಅನುಮಾನ. ಅಂಗಡಿ ಸಾಲಿನಲ್ಲಿ ನಡೆದುಹೋಗಿ: “ಶುದ್ಧ” ಜೇನು, “ಅಪ್ಪಟ” ಕಾಫಿಪುಡಿ, “ಮನೆ”ಯಲ್ಲೇ ಮಾಡಿದ ಚಾಕೊಲೇಟ್. ಉದ್ಧರಣ ಚಿಹ್ನೆ ಬೇರೊಬ್ಬರ ಮಾತಿಗೆ ಹಾಕುವಂಥದ್ದು ಎಂದು ಶಾಲೆಯಲ್ಲಿ ಕಲಿಸಿದ್ದರು. ಅಂದರೆ, ಶುದ್ಧ ಎಂದು ಯಾರೋ ಅಂದರು, ನಾವು ಅಂದಿಲ್ಲ. ಇಷ್ಟು ಪ್ರಾಮಾಣಿಕವಾದ ಜಾಹೀರಾತು ಬೇರೆ ಯಾವ ಜಿಲ್ಲೆಯಲ್ಲಿದೆ? ಒಂದು ಕಡೆ ಮೆನು ಬೋರ್ಡಿನಲ್ಲಿ “ಹಂದಿ” ಕರಿ ಎಂದೂ ಬರೆದಿತ್ತು. ಅಲ್ಲಿ ನಾನು ಅದರ ಜೊತೆಗೆ ಕೊಡುವ ಅಕ್ಕಿಯುಂಡೆ, ಕಡಂಬಿಟ್ಟು, ಅಷ್ಟನ್ನೇ ತಿಂದೆ.

ಕಾಡಂಚಿನ ರಸ್ತೆಗೆ ಬಂದರೆ ‘ಆನೆ ದಾಟುವ ಸ್ಥಳ ನಿಧಾನವಾಗಿ ಚಲಿಸಿ’. ಯಾರು ಚಲಿಸಬೇಕು? ಚಾಲಕರು ಇದು ಆನೆಗೆ ಹೇಳಿದ್ದು ಎಂದುಕೊಂಡು ಗಾಡಿ ಓಡಿಸುತ್ತಾರೆ. ವ್ಯಾಕರಣ ಹಿಡಿದು ನೋಡಿದರೆ ಹೇಳಿದ್ದು ಸ್ಥಳಕ್ಕೇ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಇಲ್ಲಿನ ಸ್ಥಳಗಳೂ ಚಲಿಸುತ್ತವೆ ಎಂದು ಗೊತ್ತು. ನಿಧಾನವಾಗಿ ಅಂತ ಮಾತ್ರ ಹೇಳಲಾಗದು.

ಪೂರ್ಣವಿರಾಮದ ಕಥೆ ಬೇರೆ. ಅದು ಕಂದಾಯದ ಕಾಗದಪತ್ರಗಳಲ್ಲಿ ವಾಸವಿರುವುದಿಲ್ಲ. ಜಮ್ಮಾ ಬಾಣೆಯ, ಅಂದರೆ ತಲೆಮಾರುಗಳಿಂದ ಬಂದ ಮರಗಾಡಿನ ಜಮೀನಿನ, ಹಳೆಯ ಪತ್ರವೊಂದನ್ನು ಬಿಡಿಸಿ ಕೂತರೆ ‘ಸದರಿ’ ಎಂದು ಹೊರಟ ವಾಕ್ಯ ತೋಡು ದಾಟಿ, ಗದ್ದೆ ಬದುವಿನ ಮೇಲೆ ನಡೆದು, ಮರಗಳ ಹಕ್ಕು ಯಾರದ್ದೆನ್ನುವ ಕಡೆ ಉಸಿರುಕಟ್ಟಿ, ಮೂರನೇ ಪುಟದ ಸೀಲಿನ ಕೆಳಗೆ ಹೂತುಹೋಗುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಕಾನೂನಿನ ಒಂದು ಸಾಲಲ್ಲಿ ಅಲ್ಪವಿರಾಮ ಇಲ್ಲವೆಂದು ಹಾಲಿನ ಲಾರಿ ಚಾಲಕರು ಓವರ್‌ಟೈಮ್ ಹಣಕ್ಕೆ ಕೋರ್ಟಿಗೆ ಹೋದರು. 2017ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು, ಮರುವರ್ಷ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಪಾಪ, ಅವರಿಗೆ ಬೇಗ ಮುಗಿದುಹೋಯಿತು. ನಮ್ಮಲ್ಲಾದರೆ ಒಂದೊಂದು ಪತ್ರ ವಕೀಲರ ಎರಡು ತಲೆಮಾರು ಸಾಕುತ್ತದೆ.

ಉಳಿದ ಆಶ್ಚರ್ಯಸೂಚಕಗಳೆಲ್ಲ ಫ್ಲೆಕ್ಸ್‌ಗೆ ಮೀಸಲು. ಮಡಿಕೇರಿ ದಸರಾಕ್ಕೆ ಕರಗ ನಾಲ್ಕು, ಮಂಟಪ ಹತ್ತು ಎಂದು ಲೆಕ್ಕವಿದೆ. ಶುಭಾಶಯ ಕೋರುವವರ ಹೆಸರಿನ ಹಿಂದೆಮುಂದೆ ನಿಂತ ಆ ಕಡ್ಡಿಗಳಿಗೆ ಲೆಕ್ಕವಿಲ್ಲ. ಫ್ಲೆಕ್ಸ್ ಮಾಡುವ ಹುಡುಗನನ್ನು ಒಮ್ಮೆ ಕೇಳಿದೆ, ಅಲ್ಪವಿರಾಮಕ್ಕೂ ಸ್ವಲ್ಪ ಜಾಗ ಕೊಡಬಾರದೇನಪ್ಪಾ ಎಂದು.

“ಅದೆಲ್ಲ ಹಾಕಿದ್ರೆ ಲೀಡರ್ ಫೋಟೋ ಸಣ್ಣದಾಗ್ತದೆ ಸಾರ್.”

ಹುಡುಗ ಒಳ್ಳೆಯವನು. ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆರೆದು ತೋರಿಸಿದ. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದಲ್ಲವೇ, ‘ಕುಶಾಲನಗರಕ್ಕೆ ರೈಲು’ ಎಂಬ ಎರಡು ಪದ ಅದರಲ್ಲಿದ್ದವು. ಚುನಾವಣೆಗೆ ಮೊದಲು ಅದರ ಮುಂದೆ ಮೂರು ಆಶ್ಚರ್ಯಸೂಚಕ. ಗೆದ್ದ ಮೇಲೆ ಮೂರು ಚುಕ್ಕಿ. ಸೋತವರು ಅದನ್ನೇ ಪ್ರಶ್ನಾರ್ಥಕ ಹಾಕಿಸಿಕೊಂಡು ಒಯ್ದಿದ್ದರಂತೆ.

“ಪೂರ್ಣವಿರಾಮ ಯಾರೂ ಕೇಳಿಲ್ವಾ?”

“ಎಂತ ಸಾರ್ ನೀವು, ಮತ್ತೆ ನಮ್ಮ ಅಂಗಡಿ ನಡೀಬೇಕಲ್ಲ” ಎಂದು ನಕ್ಕ. “ಮ್ಯಾಟರ್ ಎಲ್ಲರದ್ದೂ ಒಂದೇ. ಚಿಹ್ನೆ ಬದಲಾಯಿಸಿ ಕೊಡ್ತೇನೆ, ಅಷ್ಟೇ.”

ಯಾವ ಚಿಹ್ನೆ ಎಂದು ನಾನು ಕೇಳಲು ಹೋಗಲಿಲ್ಲ.