ಪ್ರೀ-ಮೆಡ್ ಮಕ್ಕಳ ಕಾಲೇಜ್ ಪಟ್ಟಿ: ಆ ಶೇ. 90ರ ಲೆಕ್ಕ ಕೇಳಿದ್ದೀರಾ?

ಆಗಸ್ಟ್ ಬಂತು ಅಂದರೆ ನಮ್ಮ ಡಲ್ಲಾಸ್ ಕಡೆಯ ಕನ್ನಡದವರ ಮನೆಗಳಲ್ಲಿ ಒಂದೇ ಮಾತು. ಗಣೇಶನ ಹಬ್ಬದ ಊಟಕ್ಕೆ ತಟ್ಟೆ ಹಿಡಿದು ನಿಂತಾಗಲೂ "ನಿಮ್ಮ ಮಗಳು ಎಲ್ಲೆಲ್ಲಿ ಅಪ್ಲೈ ಮಾಡ್ತಿದ್ದಾಳೆ?" ಅಂತಲೇ ಶುರು. ಹುಡುಗಿ ಡಾಕ್ಟರ್ ಆಗಬೇಕು ಅಂತಿದ್ದಾಳೆ ಅಂದರೆ ಮುಗೀತು. ಹಾರ್ವರ್ಡ್, ಡ್ಯೂಕ್, ಜಾನ್ಸ್ ಹಾಪ್ಕಿನ್ಸ್, ರೈಸ್ ಅಂತ ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಿ ಹೋಗ್ತಾರೆ. ಯಾಕೆ ಅಂತ ಕೇಳಿದರೆ "ಅಲ್ಲಿಂದ ಮೆಡಿಕಲ್‌ಗೆ ಗ್ಯಾರಂಟಿ ರೀ" ಅನ್ನೋ ಉತ್ತರ.

ಕಳೆದ ವರ್ಷ ಈ ಗಲಾಟೆ ನಮ್ಮ ಮನೆಯಲ್ಲೇ ಇತ್ತು. ಈಗ ಮಗಳು ಕಾಲೇಜ್ ಸೇರಿದ್ದಾಳೆ, ನನಗೂ ಸ್ವಲ್ಪ ಪುರುಸೊತ್ತಾಗಿದೆ, ಅದಕ್ಕೇ ಬರೀತಿದ್ದೀನಿ. ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಪ್ರೀ-ಮೆಡ್ ಮಕ್ಕಳಿಗೆ, ಅಂದರೆ ಮುಂದೆ ಮೆಡಿಕಲ್ ಸೇರಬೇಕು ಅಂತ ಡಿಗ್ರಿ ಓದುವವರಿಗೆ, ಕಾಲೇಜಿನ ಹೆಸರು ನಾವು ಅಂದುಕೊಂಡಷ್ಟು ಕೆಲಸಕ್ಕೆ ಬರಲ್ಲ. ಆ ಹೆಸರಿಗೆ ಕೊಡುವ ದುಡ್ಡು ಮಾತ್ರ ಆಮೇಲೆ ಮೆಡಿಕಲ್ ಸ್ಕೂಲ್ ಹೊತ್ತಿಗೆ ಚೆನ್ನಾಗಿ ನೆನಪಾಗುತ್ತೆ.

ಊರಲ್ಲಿರುವವರಿಗೆ ಒಂದು ಮಾತು. ಪಿಯುಸಿ ಮುಗಿಸಿ, ನೀಟ್ ಬರೆದು, ಕೆಇಎಯಲ್ಲಿ ಆಪ್ಷನ್ ಎಂಟ್ರಿ ಮಾಡಿ ಎಂಬಿಬಿಎಸ್ ಸೇರೋ ದಾರಿ ಇಲ್ಲಿಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ನಡುವೆ ಎಂಕ್ಯಾಟ್ ಅನ್ನೋ ಏಳೂವರೆ ಗಂಟೆಯ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದರ ಮೇಲೆ ರೆಸಿಡೆನ್ಸಿ ಅನ್ನೋ ಆಸ್ಪತ್ರೆ ತರಬೇತಿ. ಪ್ರೀ-ಮೆಡ್ ಅಂತ ಡಿಗ್ರಿಯೇ ಇಲ್ಲ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್, ಬಯೋಕೆಮಿಸ್ಟ್ರಿ ಲ್ಯಾಬ್ ಸಮೇತ ಮುಗಿಸಿದರೆ ಹೆಚ್ಚುಕಮ್ಮಿ ಸಾಕು, ಮೇಜರ್ ಅಂದರೆ ಮುಖ್ಯ ವಿಷಯ ಇತಿಹಾಸ ಆದರೂ ನಡೆಯುತ್ತೆ, ಸಂಗೀತ ಆದರೂ ನಡೆಯುತ್ತೆ. ದಾವಣಗೆರೆಯಲ್ಲಿರೋ ನಮ್ಮಮ್ಮನಿಗೆ ಇದನ್ನೆಲ್ಲ ಫೋನಲ್ಲಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಅಂದ್ರೆ ಇನ್ನೂ ಸೀಟೇ ಸಿಕ್ಕಿಲ್ಲ ಅನ್ನು" ಅಂದರು. ಸರಿಯಾಗೇ ಅರ್ಥ ಮಾಡ್ಕೊಂಡಿದ್ದರು.

ಈಗ ಆ "ಗ್ಯಾರಂಟಿ" ವಿಷಯ. ಒಂದು ಖಾಸಗಿ ಕಾಲೇಜ್ ನೋಡೋಕೆ ಹೋಗಿದ್ದೆವು, ಹೆಸರು ಬೇಡ. ಒಳ್ಳೆ ಸಭಾಂಗಣ, ಕಾಫಿ, ಕುಕಿ. ಪರದೆ ಮೇಲೆ ದೊಡ್ಡಕ್ಷರದಲ್ಲಿ: ನಮ್ಮ ವಿದ್ಯಾರ್ಥಿಗಳಲ್ಲಿ ಶೇ. 90ಕ್ಕೂ ಹೆಚ್ಚು ಜನ ಮೆಡಿಕಲ್ ಸ್ಕೂಲ್ ಸೇರುತ್ತಾರೆ. ಪಕ್ಕದಲ್ಲಿದ್ದ ಅಪ್ಪಂದಿರೆಲ್ಲ ಫೋನ್ ಎತ್ತಿ ಫೋಟೋ ಹೊಡೆದರು. ಇಡೀ ದೇಶದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 52,000 ಜನ ಎಂಡಿಗೆ (ಇಲ್ಲಿ ಡಾಕ್ಟರ್ ಆಗೋ ಮೊದಲ ಮೆಡಿಕಲ್ ಡಿಗ್ರಿಯ ಹೆಸರೇ ಎಂಡಿ) ಅರ್ಜಿ ಹಾಕ್ತಾರೆ, ಸೇರೋರು 23,000ದಷ್ಟು. ಅರ್ಧಕ್ಕಿಂತ ಕಮ್ಮಿ. ಹಾಗಿದ್ದ ಮೇಲೆ ಇವರ ಶೇ. 90 ಎಲ್ಲಿಂದ ಬಂತು? ಕಾರ್ಯಕ್ರಮ ಮುಗಿದ ಮೇಲೆ ಅದನ್ನು ನಡೆಸಿಕೊಟ್ಟ ಕಾಲೇಜಿನ ಹೆಂಗಸನ್ನು ಹೋಗಿ ಕೇಳಿದೆ: "ನೂರಕ್ಕೆ ತೊಂಬತ್ತು ಸರಿ, ಆ ನೂರು ಜನ ಯಾರು?" ಆಕೆ ನಗುತ್ತಲೇ ಹೇಳಿದರು, ಕಾಲೇಜಿನ ಕಮಿಟಿಯಿಂದ ಶಿಫಾರಸು ಪತ್ರ ಪಡೆದು ಅರ್ಜಿ ಹಾಕಿದವರು ಅಂತ. ಗ್ರೇಡ್ ಕಮ್ಮಿ ಇರುವವರಿಗೆ ಕಮಿಟಿ ಪತ್ರವನ್ನೇ ಕೊಡಲ್ಲ. ಪತ್ರ ಇಲ್ಲದವರು ಲೆಕ್ಕಕ್ಕೇ ಇಲ್ಲ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲೇ ಸೋತು ದಾರಿ ಬಿಟ್ಟವರಂತೂ ಮೊದಲೇ ಇಲ್ಲ. ಜರಡಿ ಹಿಡಿದು ಉಳಿದ ಕಾಳನ್ನು ತೋರಿಸಿ "ನಮ್ಮ ಹೊಲದಲ್ಲಿ ಜೊಳ್ಳೇ ಇಲ್ಲ" ಅಂದ ಹಾಗೆ.

ಮೋಸ ಅಂತ ನಾನು ಹೇಳಲ್ಲ, ಆಕೆ ಕೇಳಿದ್ದಕ್ಕೆ ನಿಜವೇ ಹೇಳಿದರು. ಆದರೆ ಕೇಳಲೇಬೇಕು. ಮೊದಲ ವರ್ಷ ಪ್ರೀ-ಮೆಡ್ ಅಂತ ಬಂದವರೆಷ್ಟು, ಅರ್ಜಿವರೆಗೆ ಮುಟ್ಟಿದವರೆಷ್ಟು, ಪತ್ರ ನಿರಾಕರಿಸುತ್ತೀರಾ, ಇಲ್ಲಿ ಸೀಟು ಸಿಗದೆ ಕೆರಿಬಿಯನ್ ದ್ವೀಪಗಳ ಮೆಡಿಕಲ್ ಕಾಲೇಜುಗಳಿಗೆ ಹೋದವರನ್ನೂ ಸೇರಿಸಿದ್ದೀರಾ. ಇದಕ್ಕೆ ನೇರ ಉತ್ತರ ಕೊಡುವ ಕಾಲೇಜನ್ನು ನಾನು ಹೆಚ್ಚು ನಂಬ್ತೀನಿ, ಅಂಕಿ ಶೇ. 60 ಆದರೂ ಪರವಾಗಿಲ್ಲ.

ಇನ್ನು ಗ್ರೇಡ್. ಎಂಡಿ ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ ಇದೆ, ಎಂಕ್ಯಾಟ್ 528ಕ್ಕೆ 511-512. ಅರ್ಜಿಯಲ್ಲಿ ವಿಜ್ಞಾನದ ಜಿಪಿಎ ಬೇರೆಯೇ ಲೆಕ್ಕ ಹಾಕ್ತಾರೆ. ಒಂದು ಸಲ ಸಿ ಬಂದ ಕೋರ್ಸನ್ನು ಮತ್ತೆ ತಗೊಂಡು ಎ ತಂದರೂ ಹಳೆಯ ಸಿ ಅಳಿಸಿ ಹೋಗಲ್ಲ, ಎರಡೂ ಸೇರುತ್ತವೆ. ಆ ಲೆಕ್ಕ ಹಾಕೋ ಸಾಫ್ಟ್‌ವೇರ್‌ಗೆ ಯಾವ ಕಾಲೇಜಿನ ಸಿ ಅಂತ ಗೊತ್ತಿಲ್ಲ. ಅರ್ಜಿ ಓದುವ ಪ್ರೊಫೆಸರ್‌ಗಳು ಹೆಸರಿಗೆ ಒಂದಿಷ್ಟು ಬೆಲೆ ಕೊಡಬಹುದು, ಇಲ್ಲ ಅನ್ನಲ್ಲ. ಆದರೆ ನಿಮ್ಮ ಮಗು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ತಡಕಾಡುವಾಗ ಬಾಗಿಲು ತೆಗೆದು ಕೂರಿಸಿಕೊಂಡು ಹೇಳಿಕೊಡೋ ಮೇಷ್ಟ್ರು ಇದ್ದಾರಾ, ಅದು ಹೆಸರಿಗಿಂತ ದೊಡ್ಡದು.

ನನ್ನ ಎಕ್ಸೆಲ್ ಶೀಟಿನಲ್ಲಿ ರ‍್ಯಾಂಕಿಂಗ್, ಫೀಸು, ದೂರ ಅಂತೆಲ್ಲ ಕಾಲಮ್ ಇತ್ತು. ಮಗಳು ಬಂದು ಇನ್ನೊಂದು ಸೇರಿಸಿದಳು: "ಆಸ್ಪತ್ರೆಗೆ ಬಸ್ ಇದೆಯಾ?" ಡಾಕ್ಟರ್ ಹಿಂದೆ ನಿಂತು ನೋಡೋದು, ವಾರ್ಡಿನಲ್ಲಿ ಸೇವೆ ಮಾಡೋದು ಇಲ್ಲದ ಅರ್ಜಿಗೆ ಇಲ್ಲಿ ಬೆಲೆ ಇಲ್ಲ. ಮೊದಲ ವರ್ಷದವರಿಗೆ ಕಾರ್ ತರೋಕೆ ಎಷ್ಟೋ ಕಡೆ ಬಿಡಲ್ಲ. ಬೆಟ್ಟದ ಮೇಲಿನ ಸುಂದರ ಕಾಲೇಜು, ಹತ್ತಿರದ ಆಸ್ಪತ್ರೆ ನಲವತ್ತು ನಿಮಿಷ ದೂರ. ಆ ಒಂದೇ ಕಾಲಮ್‌ನಿಂದ ಎರಡು ದೊಡ್ಡ ಹೆಸರು ಬಿದ್ದುಹೋದವು.

ರಾಜ್ಯದ ವಿಷಯ ನಮ್ಮವರಿಗೆ ತಲೆಗೇ ಹೋಗಲ್ಲ. ಟೆಕ್ಸಾಸಿನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ಹೊರರಾಜ್ಯದವರಿಗೆ ಶೇ. 10ಕ್ಕಿಂತ ಹೆಚ್ಚು ಸೀಟು ಕೊಡೋ ಹಾಗಿಲ್ಲ, ಕಾನೂನೇ ಇದೆ. ಅಂದರೆ ಇಲ್ಲಿನ ಮಗುವಿಗೆ ಇದು ದೊಡ್ಡ ಆಸ್ತಿ. ಡಿಗ್ರಿಗೆ ಕ್ಯಾಲಿಫೋರ್ನಿಯಾಗೆ ಕಳಿಸಿದ ಮಾತ್ರಕ್ಕೆ ಮಗು ಅಲ್ಲಿಯವರ ಲೆಕ್ಕಕ್ಕೆ ಸೇರಲ್ಲ. ಅಪ್ಪ ಅಮ್ಮ ಇಲ್ಲಿದ್ದರೆ ಸಾಮಾನ್ಯವಾಗಿ ಟೆಕ್ಸಾಸಿನವರೇ. ಹೊರಗೆ ಹೋಗಿ ಗಳಿಸೋದೇನು ಅಂತ ಮೊದಲು ಬರೆದು ನೋಡಿ.

ದುಡ್ಡು. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿದೆ. ನಮ್ಮಂಥ ಐಟಿ ಸಂಬಳದವರಿಗೆ ನೆರವೂ ಹೆಚ್ಚು ಸಿಗಲ್ಲ. ಮೊದಲು "ಮೆಡಿಕಲ್‌ಗೆ ಸಾಲ ಮಾಡಿದರಾಯ್ತು" ಅನ್ನೋ ಧೈರ್ಯ ಇತ್ತು. 2025ರ ಜುಲೈನಲ್ಲಿ ಬಂದ ಕಾನೂನು ಅದಕ್ಕೂ ಮಿತಿ ಹಾಕಿದೆ: 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ (ಪೂರ್ತಿ ಖರ್ಚಿನವರೆಗೂ ಸಿಗ್ತಿದ್ದ ಕೇಂದ್ರದ ಸಾಲ) ಇಲ್ಲ, ಮೆಡಿಕಲ್ ವಿದ್ಯಾರ್ಥಿಗೆ ಕೇಂದ್ರದ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಖರ್ಚು ಇದಕ್ಕಿಂತ ಎಷ್ಟೋ ಮೇಲೆ. ಉಳಿದದ್ದಕ್ಕೆ ಬ್ಯಾಂಕಿನ ಬಾಗಿಲು. ಡಿಗ್ರಿಯಲ್ಲೇ ಉಳಿತಾಯ ಖಾಲಿ ಮಾಡಿದ ಮನೆ ಆಗ ಏನು ಮಾಡಬೇಕು?

ಹೈಸ್ಕೂಲಿಂದ ನೇರ ಸೀಟು ಕೊಡುವ ಬಿಎಸ್-ಎಂಡಿ ಬಗ್ಗೆ ಎಲ್ಲರೂ ಕೇಳ್ತಾರೆ. ಬ್ರೌನ್‌ನಲ್ಲಿ ಎಂಟು ವರ್ಷದ್ದು, ಕಾನ್ಸಾಸ್ ಸಿಟಿಯಲ್ಲಿ ಆರು ವರ್ಷದ್ದು ಇದೆ. ಸೀಟು ಬೆರಳೆಣಿಕೆ. ಸಿಕ್ಕರೆ ಸಂತೋಷ, ಅದನ್ನೇ ನಂಬಿ ಪಟ್ಟಿ ಮಾಡಬೇಡಿ. ಹದಿನೇಳರ ಮಗು ಹತ್ತೊಂಬತ್ತಕ್ಕೆ ಮನಸ್ಸು ಬದಲಾಯಿಸುತ್ತೆ, ಬಹಳಷ್ಟು ಮಕ್ಕಳು ಬದಲಾಯಿಸ್ತಾರೆ. ಅದಕ್ಕೆ ನಾವು ಪಟ್ಟಿ ಮುಗಿದ ಮೇಲೆ "ಡಾಕ್ಟರ್ ಬೇಡ ಅಂದರೆ ಈ ಕಾಲೇಜು ಬೇಕಾ?" ಅಂತ ಒಂದೊಂದಕ್ಕೂ ಕೇಳಿಕೊಂಡೆವು. ಹ್ಞೂಂ ಅನಿಸಿದ್ದಕ್ಕೆ ಮಾತ್ರ ಅಪ್ಲಿಕೇಶನ್ ಫೀ ಕಟ್ಟಿದ್ದು.

ಕೊನೆಯದಾಗಿ ಎಚ್-4 ಮಕ್ಕಳ ವಿಷಯ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾ ನೆಚ್ಚಿಕೊಂಡು ಇಲ್ಲಿರುವವರದ್ದು. ಸಂಘದ ಸಮಾರಂಭಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲೇ ನಿಂತಿರುವ ಮನೆಗಳ ಮಕ್ಕಳಿಗೆ 21 ತುಂಬಿದರೆ ಎಚ್-4 ಮುಗೀತು, ಎಫ್-1 ಅನ್ನೋ ವಿದ್ಯಾರ್ಥಿ ವೀಸಾ ಆಗಬೇಕು. ಸರಿಯಾಗಿ ಮೆಡಿಕಲ್ ಅರ್ಜಿಯ ಹೊತ್ತಿಗೆ. ಎಷ್ಟೋ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿ ಮುಟ್ಟೋದೇ ಇಲ್ಲ, ಕೇಂದ್ರದ ಸಾಲವೂ ಸಿಗಲ್ಲ. ಇಲ್ಲೇ ಕಿಂಡರ್‌ಗಾರ್ಟನ್ ಓದಿದ ಮಗುವಿಗೂ ಇದೇ ನಿಯಮ. ಕೆಲವರು ಮಣಿಪಾಲದ ಕಡೆ ನೋಡ್ತಾರೆ. ಅದಕ್ಕೂ ನೀಟ್ ಬರೆಯಬೇಕು, ವಾಪಸ್ ಬರಲು ಯುಎಸ್ಎಂಎಲ್ಇ ಅನ್ನೋ ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ, ಆಮೇಲೆ ರೆಸಿಡೆನ್ಸಿಯ ಪೈಪೋಟಿ. ಇಂಥ ಮನೆಯವರು ಹನ್ನೆರಡನೇ ಕ್ಲಾಸಿನವರೆಗೆ ಕಾಯಬೇಡಿ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘದ ಎಂಎಸ್ಎಆರ್ ಅನ್ನೋ ಡೇಟಾಬೇಸ್ ಇದೆ, ಸ್ವಲ್ಪ ದುಡ್ಡು ಕಟ್ಟಬೇಕು. ಯಾವ ಮೆಡಿಕಲ್ ಸ್ಕೂಲ್ ವೀಸಾದ ಮಕ್ಕಳನ್ನು ತಗೊಳ್ಳುತ್ತೆ ಅಂತ ಅದರಲ್ಲಿ ಮೊದಲು ನೋಡಿ, ಡಿಗ್ರಿ ಕಾಲೇಜುಗಳ ಪಟ್ಟಿಗೆ ಆಮೇಲೆ ಕೂರಿ.