ಅಪ್ಪಾ ಎಂದರೆ ನೀರು ಬಂತು

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನ ಆ ಹೋಟೆಲಿನಲ್ಲಿ ನಾವು ಕೂತಿದ್ದು ಐದು ಜನ. ಊಟ ಬರುವ ಮೊದಲೇ ಮೇಜಿನ ಮೇಲೆ ಆರು ಬಾಟಲಿ ನೀರು ಬಂದು ನಿಂತಿತ್ತು. ಯಾರೂ ಕೇಳಿರಲಿಲ್ಲ. ನಾನು ನಮ್ಮ ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅಮ್ಮ ಮಾತ್ರ, "ಎಂಥಾ ಒಳ್ಳೆ ಜನ ನೋಡು. ದೂರದಿಂದ ಬಂದೋರು ಅಂತ ಕೇಳೋಕೆ ಮುಂಚೆನೇ ನೀರು ಕೊಡ್ತಾರೆ" ಎಂದು ಮೆಚ್ಚಿಕೊಂಡಳು.

ನಾವಿರುವುದು ಮ್ಯೂನಿಕ್‌ನಲ್ಲಿ. ಅಪ್ಪ, ಅಮ್ಮ ಹಾಸನದಿಂದ ಮೂರು ತಿಂಗಳಿಗೆಂದು ಬಂದಿದ್ದರು. ಪ್ಯಾರಿಸ್, ಸ್ವಿಟ್ಜರ್‌ಲೆಂಡ್ ಎಲ್ಲ ಹಿಂದಿನ ಸಲವೇ ಆಗಿತ್ತು. ರೊಮೇನಿಯಾ 2025ರ ಜನವರಿ 1ರಿಂದ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಪೂರ್ತಿಯಾಗಿ ಸೇರಿಕೊಂಡಿದೆ, ಅದೇ ವೀಸಾದಲ್ಲಿ ಹೋಗಿಬರಬಹುದು ಎಂದು ಗೊತ್ತಾಗಿದ್ದೇ ತಡ, ನಮ್ಮ ಮನೆಯವರು 'ಊಟ, ವೈನ್, ಕೋಟೆ' ಎಂಬ ಐದು ದಿನದ ಟೂರ್ ಬುಕ್ ಮಾಡಿಬಿಟ್ಟರು. ಊಟ ಅಂದರೆ, ಅಮ್ಮ ಮಾಂಸ ಬಿಟ್ಟು ಹದಿನೈದು ವರ್ಷ. ವೈನ್ ಅಂದರೆ, ಅಪ್ಪ ಕೆಮ್ಮಿಗೆ ಎರಡು ಚಮಚ ಬ್ರಾಂದಿ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಕೋಟೆ ಅಂದರೆ, ಇಬ್ಬರಿಗೂ ಮಂಡಿನೋವು. ಟೂರ್ ಅಂತೂ ಬುಕ್ ಆಗಿತ್ತು.

ನೀರಿನ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಹೋಟೆಲಿನಲ್ಲಿ ಒಂದು ಕಡೆ ಕೂರುವ ಅಭ್ಯಾಸವಿಲ್ಲ. ಪಕ್ಕದ ಟೇಬಲ್ಲಿನವರು ಏನು ತಿನ್ನುತ್ತಿದ್ದಾರೆ ಎಂದು ಬಗ್ಗಿ ನೋಡಿಬರಬೇಕು. "ಅಪ್ಪಾ, ಬನ್ನಿ ಇಲ್ಲಿ" ಎಂದೆ. ಒಂದು ಬಾಟಲಿ ಬಂತು. ಅವರು ಅಡುಗೆಮನೆ ಬಾಗಿಲ ಹತ್ತಿರ ಹೋಗಿ ನಿಂತರು. "ಅಪ್ಪಾ! ಅಪ್ಪಾ!" ಎರಡು ಬಾಟಲಿ ಬಂತು. ನನ್ನ ದನಿ ಏರಿದ ಹಾಗೆ ವೇಟರ್ ಹುಡುಗನ ಕಾಲೂ ಚುರುಕಾಯಿತು. ಕೊನೆಗೆ ಅವನು ನಮ್ಮ ಗೈಡನ್ನು ಪಕ್ಕಕ್ಕೆ ಕರೆದು ಏನೋ ಕೇಳಿದ. ಗೈಡ್ ಹುಡುಗ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು ನಮಗೆ ಬಿಡಿಸಿ ಹೇಳಿದ.

ರೊಮೇನಿಯನ್ ಭಾಷೆಯಲ್ಲಿ 'ಅಪ' ಅಂದರೆ ನೀರು. 'ತಾತ' ಅಂದರೆ ಅಪ್ಪ. 'ಮಾಮ' ಅಂದರೆ ಅಮ್ಮ. ಈಗ ನಮ್ಮ ಮೇಜಿನ ಕಥೆ ಕೇಳಿ. ನಾನು ಅಪ್ಪನನ್ನು ಅಪ್ಪಾ ಅಂತೀನಿ. ನನ್ನ ಮಗಳು ಅವರನ್ನೇ ತಾತಾ ಅಂತಾಳೆ. ನಮ್ಮ ಮನೆಯವರು ಕೋಲಾರದ ಕಡೆಯವರು, ಮಾವನನ್ನು ಬಾಯಿತುಂಬಾ ಮಾಮಾ ಅಂತ ಕರೆಯುತ್ತಾರೆ. ಪಾಪ, ಆ ವೇಟರ್‌ಗೆ ಕಂಡಿದ್ದಿಷ್ಟು: ಬಿಳಿ ಮೀಸೆಯ ಒಬ್ಬ ಯಜಮಾನರು. ಏಳು ವರ್ಷದ ಹುಡುಗಿ ಅವರನ್ನು ಅಪ್ಪ ಅನ್ನುತ್ತಾಳೆ, ನಲವತ್ತು ವರ್ಷದ ಗಂಡಸು ಅಮ್ಮ ಅನ್ನುತ್ತಾನೆ, ಒಬ್ಬಾಕೆ ಅವರನ್ನು ನೋಡಿದಾಗಲೆಲ್ಲ ನೀರು ನೀರು ಅಂತ ಕಿರುಚುತ್ತಾಳೆ. ಮೊದಲಿನ ಎರಡು ಅವನಿಗೆ ಅರ್ಥವಾಗಲಿಲ್ಲ. ಮೂರನೆಯದಕ್ಕೆ ತನ್ನ ಕೈಲಾದ ಸಹಾಯ ಮಾಡಿದ್ದ.

ಬಿಲ್ ಬಂತು. ನೀರು ಬಿಟ್ಟಿ ಅಲ್ಲ, ಬಾಟಲಿಗೆ ಹನ್ನೆರಡು. ಅಲ್ಲಿನ ದುಡ್ಡಿನ ಹೆಸರು ಒಂದಾದರೆ 'ಲೆವು', ಜಾಸ್ತಿಯಾದರೆ 'ಲೇಯ್'. ವೇಟರ್ ಅಪ್ಪನ ಮುಂದೆಯೇ ನಿಂತು, ಮೊತ್ತ ಹೇಳಿ, ಕೊನೆಗೆ ಸ್ಪಷ್ಟವಾಗಿ "ಲೇಯ್" ಅಂದ. ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಯಾರಿಗೋ ಲೇಯ್ ಅಂತೀಯಾ? ನಿನ್ನ ವಯಸ್ಸೇನು, ನನ್ನ ವಯಸ್ಸೇನು!" ಲೆವು ಅಂದರೆ ಸಿಂಹ ಅಂತಲೂ ಅರ್ಥ, ಮರ್ಯಾದೆಯ ಹೆಸರೇ ಎಂದು ಗೈಡ್ ಹೇಳಿದ ಮೇಲೆ ಕೂತರು. ಆದರೂ ಆ ಐದು ದಿನ ಯಾವ ಅಂಗಡಿಯಲ್ಲಿ ರೇಟು ಹೇಳಿದರೂ ಅವರ ಹುಬ್ಬು ಒಂದು ಸಲ ಮೇಲೆ ಹೋಗಿಯೇ ಕೆಳಗಿಳಿಯುತ್ತಿತ್ತು.

ದುಡ್ಡು ಕೊಟ್ಟ ನೀರು. ಬಿಟ್ಟು ಬರಲು ಅಪ್ಪ ಒಪ್ಪಲಿಲ್ಲ. ಆರೂ ಬಾಟಲಿ ಅವರ ರೆಕ್ಸಿನ್ ಬ್ಯಾಗ್ ಸೇರಿದವು.

ಮಾರನೆಯ ದಿನ ಹಿಂದಿನ ಸರ್ವಾಧಿಕಾರಿ ಚಾವುಶೆಸ್ಕು ಕಟ್ಟಿಸಿದ ಸಂಸತ್ ಭವನ ನೋಡಿದೆವು. 1984ರಲ್ಲಿ ಶುರುವಾದ ಕಟ್ಟಡ. ತೂಕದಲ್ಲಿ ಪ್ರಪಂಚದ ಕಟ್ಟಡಗಳಿಗೆಲ್ಲ ದೊಡ್ಡಣ್ಣ ಅಂತ ದಾಖಲೆ. ಜನರಿಗೆ ರೇಷನ್ ಕೊಟ್ಟು ಸರ್ವಾಧಿಕಾರಿ ಅಮೃತಶಿಲೆ ಹಾಸಿಸಿಕೊಂಡ ಜಾಗ. ಅಪ್ಪ ಹೊರಗಿನಿಂದ ಒಂದು ಸಲ ನೋಡಿ "ಕರೆಂಟ್ ಬಿಲ್ ಯಾರು ಕಟ್ಟೋದು?" ಅಂದರು. ಅದಕ್ಕಿಂತ ಹೆಚ್ಚು ನನಗೂ ಹೇಳಬೇಕು ಅನ್ನಿಸುವುದಿಲ್ಲ.

ಅಮ್ಮನ ಊಟದ ಸಮಸ್ಯೆ ಮಾತ್ರ ನಾನು ಹೆದರಿದಷ್ಟು ಇರಲಿಲ್ಲ. 'ವೆಜಿಟೇರಿಯನ್' ಅಂದರೆ ಕೋಳಿ ನಡೆಯುತ್ತೆ ಅಂದುಕೊಳ್ಳುವವರು ಅಲ್ಲೂ ಇದ್ದಾರೆ. ಅದರ ಬದಲು 'ದೆ ಪೋಸ್ಟ್' ಅನ್ನಿ ಅಂತ ಗೈಡ್ ಹೇಳಿಕೊಟ್ಟ. ಅಮ್ಮ "ಪೋಸ್ಟಾ? ಇಲ್ಲೇ ತಿನ್ನೋದಲ್ವಾ?" ಎಂದು ಗಾಬರಿಯಾದಳು. ಪೋಸ್ಟ್ ಅಂದರೆ ಉಪವಾಸ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಆಮೇಲೆ ಈಸ್ಟರ್‌ಗೂ ಕ್ರಿಸ್‌ಮಸ್‌ಗೂ ಮೊದಲು ವಾರಗಟ್ಟಲೆ ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಡುತ್ತಾರೆ. ಎಲ್ಲರೂ ಪಾಲಿಸುವುದಿಲ್ಲ, ಆದರೆ ಆ ಮಾತು ಗೊತ್ತಿಲ್ಲದ ಅಡುಗೆಮನೆ ಇಲ್ಲ. "ಓ, ಇವರಿಗೂ ಏಕಾದಶಿ ಇದೆ" ಎಂದು ಅಮ್ಮನಿಗೆ ದೇಶದ ಮೇಲೆ ಗೌರವ ಬಂತು. ಸರ್ಮಾಲೆ ತರಿಸಿದೆವು. ಎಲೆಕೋಸಿನ ಎಲೆಯೊಳಗೆ ಅಕ್ಕಿ, ಅಣಬೆ ತುಂಬಿ ಸುರುಳಿ ಸುತ್ತಿ ಬೇಯಿಸಿದ್ದು. ಸಾಮಾನ್ಯವಾಗಿ ಖೀಮಾ ತುಂಬುತ್ತಾರೆ, ಇದು ಉಪವಾಸದ್ದು. ಅಮ್ಮ ಒಂದು ಸುರುಳಿ ಬಿಚ್ಚಿ ನೋಡಿ "ಪತ್ರೊಡೆ ಮಾಡೋಕೆ ಹೋಗಿದಾರೆ, ಖಾರ ಮರೆತಿದಾರೆ" ಎಂದು ತೀರ್ಪು ಕೊಟ್ಟು, ಪಕ್ಕದ ಟೇಬಲ್ಲಿನಲ್ಲಿ ಕಂಡ ಹುಳಿ ಕೆನೆ ತನಗೂ ಬೇಕು ಎಂದಳು. ವೇಟರಮ್ಮ ಪೆನ್ನು ಹಿಡಿದು ನಿಂತುಬಿಟ್ಟಳು. ಉಪವಾಸ ಅಂತೀರಿ, ಕೆನೆ ಕೇಳ್ತೀರಿ! "ನಮ್ಮ ಏಕಾದಶಿಗೆ ಹಾಲು ಮೊಸರು ನಡೆಯುತ್ತೆ ಅಂತ ಹೇಳೇ" ಎಂದು ಅಮ್ಮ ನನ್ನ ತೋಳು ತಿವಿದಳು. ನಾನು ಹೇಳಿದೆ. ಕೆನೆ ಬಂತು, ಅನುಮಾನದ ನೋಟದ ಜೊತೆ.

ಮೂರನೆಯ ದಿನ ದ್ಯಾಲು ಮಾರೆ. ದೊಡ್ಡ ಗುಡ್ಡ ಅಂತ ಅರ್ಥವಂತೆ. ಪ್ಲೊಯೆಷ್ಟ್ ಊರಿನ ಆಚೆಗಿನ ಇಳಿಜಾರಿನ ತುಂಬ ದ್ರಾಕ್ಷಿ ತೋಟಗಳು. ನಾವು ಹೋಗಿದ್ದು ಸೆಪ್ಟೆಂಬರ್ ಕೊನೆ, ಕೊಯ್ಲಿನ ಸಮಯ. ಟ್ರ್ಯಾಕ್ಟರ್ ಹೋದಲ್ಲೆಲ್ಲ ಹುಳಿಹುಳಿ ವಾಸನೆ. ಅಲ್ಲಿನ ಹೆಸರುವಾಸಿ ಕೆಂಪು ವೈನ್ 'ಫೆತ್ಯಾಸ್ಕಾ ನ್ಯಾಗ್ರಾ'. ಕರಿ ಕನ್ಯೆ ಅಂತ ಅನ್ನಬಹುದು. ಬಿಳಿ ಕನ್ಯೆ, ರಾಜಕನ್ಯೆ ಹೆಸರಿನ ತಳಿಗಳೂ ಇವೆ. ಇನ್ನೊಂದು ಬಿಳಿ ದ್ರಾಕ್ಷಿ 'ತಮಿಯೊವಾಸಾ', ಧೂಪದ ವಾಸನೆಯದು ಅಂತ ಆ ಹೆಸರು. ಅಮ್ಮ ಕುಡಿಯಲಿಲ್ಲ. ಲೋಟ ಮೂಗಿಗೆ ಹಿಡಿದು "ಸಾಂಬ್ರಾಣಿ ಅಲ್ಲ, ಬಾಡಿದ ಮಲ್ಲಿಗೆ" ಎಂದು ತಿದ್ದಿದಳು. ವೈನ್ ಬಲ್ಲವರು ಇಂಥ ಮಾತಿಗೆ ಕೋರ್ಸ್ ಮಾಡುತ್ತಾರಂತೆ.

ಮೇಜಿನ ಮೇಲೆ ಒಂದು ಚೆಂದದ ಸ್ಟೀಲ್ ಪಾತ್ರೆ ಇತ್ತು. ರುಚಿ ನೋಡಿದ ವೈನನ್ನು ಉಗುಳಲು. ಅಪ್ಪನಿಗೆ ಆ ಏರ್ಪಾಡು ನೋಡಿ ಬಹಳ ಸಂತೋಷವಾಯಿತು. ಯುರೋಪಿಗೆ ಬಂದಾಗಿನಿಂದ ಎಲೆಅಡಿಕೆ ಹಾಕಿದರೆ ಉಗುಳಲು ಜಾಗ ಹುಡುಕಿ ಹುಡುಕಿ ಸೋತಿದ್ದರು. ಇಲ್ಲಿ ಅವರಾಗಿಯೇ ಪೀಕದಾನಿ ಇಟ್ಟು ಕೂರಿಸಿದ್ದಾರೆ! ಮ್ಯೂನಿಕ್‌ನ ಇಂಡಿಯನ್ ಅಂಗಡಿಯಲ್ಲಿ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎಲೆ ಹೊರಗೆ ಬಂತು, ಸುಣ್ಣದ ಡಬ್ಬಿ ಬಂತು. ನಾವೆಲ್ಲ ಕರಿ ಕನ್ಯೆಯ ಚರಿತ್ರೆ ಕೇಳುತ್ತಿದ್ದಾಗ ಹಿಂದಿನಿಂದ ಪಿಚಕ್ ಎಂಬ ಶಬ್ದ. ವೈನ್ ಸುರಿಯುತ್ತಿದ್ದ ಹುಡುಗಿ ತಿರುಗಿ ನೋಡಿದಳು. ಪಾತ್ರೆಯಲ್ಲಿ ಕಡುಕೆಂಪು. ಅಪ್ಪನ ಲೋಟ ಮಾತ್ರ ತುಂಬಿಯೇ ಇದೆ. ಲೋಟ ನೋಡಿದಳು, ಪಾತ್ರೆ ನೋಡಿದಳು, ಅಪ್ಪನ ಕೆಂಪು ಬಾಯಿ ನೋಡಿದಳು. ಡ್ರಾಕುಲಾ ಕೋಟೆ ಮಾರನೆಯ ದಿನದ ಕಾರ್ಯಕ್ರಮದಲ್ಲಿತ್ತು. ಆ ಹುಡುಗಿಗೆ ಒಂದು ದಿನ ಮೊದಲೇ ದರ್ಶನವಾಯಿತು.

ಸಿನಾಯಾದ ಪೆಲೆಶ್ ಅರಮನೆಯಲ್ಲಿ ವಿಶೇಷವೇನೂ ಆಗಲಿಲ್ಲ, ಪುಣ್ಯ. ಮೊದಲನೆಯ ಕರೋಲ್ ರಾಜ ಕಟ್ಟಿಸಿ 1883ರಲ್ಲಿ ಉದ್ಘಾಟನೆ ಮಾಡಿದ್ದು. 160 ಕೋಣೆ, ಕೆತ್ತನೆ ಮಾಡದ ಒಂದು ಅಡಿ ಮರವೂ ಇಲ್ಲ. ಎಲ್ಲರೂ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರೆ ಅಮ್ಮ ಮಾತ್ರ ಕೆಳಗೆ ನೋಡುತ್ತಾ, "ಇಷ್ಟು ಸಂದಿಗೊಂದಿಯ ಧೂಳು ಹೊಡೆಯೋರು ಯಾರು?" ಎಂದು ಮೂರು ಸಲ ಕೇಳಿದಳು.

ಬ್ರಾನ್ ಕೋಟೆಗೆ ಬಂದೆವು. ಕೆಳಗಿನ ಸಂತೆಯಲ್ಲಿ ಪ್ಲಾಸ್ಟಿಕ್ ಕೋರೆಹಲ್ಲು, ಡ್ರಾಕುಲಾ ಮಗ್ಗು, ಡ್ರಾಕುಲಾ ಟೀ ಶರ್ಟು. ಐರಿಷ್ ಲೇಖಕ ಬ್ರಾಮ್ ಸ್ಟೋಕರ್ 1897ರಲ್ಲಿ ರಕ್ತ ಹೀರುವ ಡ್ರಾಕುಲಾನ ಕಾದಂಬರಿ ಪ್ರಕಟಿಸಿದ, ರೊಮೇನಿಯಾಕ್ಕೆ ಒಂದು ದಿನವೂ ಬಂದವನಲ್ಲ. ಕಾದಂಬರಿಯ ಕೋಟೆಗೂ ಇದಕ್ಕೂ ಇರುವ ನಂಟು ಟಿಕೆಟ್ ಕೌಂಟರಿನದು ಮಾತ್ರ. ನಿಜಕ್ಕೂ ಈ ಕೋಟೆ ಏನು ಮಾಡುತ್ತಿತ್ತು? 1377ರಲ್ಲಿ ಬ್ರಶೋವ್‌ನ ಜರ್ಮನ್ ಮೂಲದ ನಿವಾಸಿಗಳಿಗೆ ಹಂಗೇರಿಯ ರಾಜ ಇದನ್ನು ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟ. ಬೆಟ್ಟದ ದಾರಿ ಕಾಯುವುದು, ಆಮೇಲೆ ಹಾದುಹೋಗುವ ಸರಕಿಗೆ ಸುಂಕ ವಸೂಲಿ ಮಾಡುವುದು ಇದರ ಕೆಲಸ.

ಸುಂಕ ಅಂದದ್ದೇ ತಡ, ಅಪ್ಪನ ಮಂಡಿನೋವು ಮಾಯ. ಅಪ್ಪ ಸೇಲ್ಸ್ ಟ್ಯಾಕ್ಸಿನಲ್ಲಿದ್ದವರು. ಹನ್ನೊಂದು ವರ್ಷ ಚೆಕ್‌ಪೋಸ್ಟಿನಲ್ಲಿ ರಾತ್ರಿ ಲಾರಿ ನಿಲ್ಲಿಸಿದವರು. "ಎಷ್ಟು ಪರ್ಸೆಂಟ್? ರಸೀದಿ ಕೊಡ್ತಿದ್ರಾ? ಹಿಂದಿನ ಕಾಡುದಾರೀಲಿ ತಪ್ಪಿಸಿಕೊಂಡು ಹೋಗೋರು ಇರಲಿಲ್ವಾ?" ರಕ್ತ ಹೀರುವವನ ಬಗ್ಗೆ ಪ್ರಶ್ನೆ ಬರುತ್ತದೆಂದು ಸಿದ್ಧನಾಗಿ ನಿಂತಿದ್ದ ಗೈಡ್ ಬೆವರಿದ. ಒಂದು ಲೆಕ್ಕದಲ್ಲಿ ಎರಡೂ ಒಂದೇ ಪ್ರಶ್ನೆ ಅಂತ ನಮ್ಮ ಮನೆಯವರು ಜರ್ಮನ್‌ನಲ್ಲಿ ಗೊಣಗಿದರು. ಅಪ್ಪನಿಗೆ ಜರ್ಮನ್ ಬರುವುದಿಲ್ಲ.

1920ರಲ್ಲಿ ಬ್ರಶೋವ್ ಊರಿನವರು ಈ ಕೋಟೆಯನ್ನು ರೊಮೇನಿಯಾದ ಮರಿಯಾ ರಾಣಿಗೆ ಉಡುಗೊರೆ ಕೊಟ್ಟರು. ಆಕೆ ದುರಸ್ತಿ ಮಾಡಿಸುವಾಗ ಗೋಡೆಯೊಳಗೆ ಮರೆತುಹೋಗಿದ್ದ ಒಂದು ಕಲ್ಲಿನ ಮೆಟ್ಟಿಲು ಸಿಕ್ಕಿತಂತೆ. ಒಬ್ಬರೇ ನುಸುಳಿ ಹತ್ತುವಷ್ಟು ಇಕ್ಕಟ್ಟು. ಒಬ್ಬರು ಮಾತ್ರ, ಬ್ಯಾಗ್ ಅಲ್ಲ. ಅಪ್ಪ ನೀರಿನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಹತ್ತಿದರು. ಅರ್ಧದಲ್ಲಿ ಬ್ಯಾಗ್ ಒಂದು ಗೋಡೆಗೆ, ಅಪ್ಪ ಇನ್ನೊಂದು ಗೋಡೆಗೆ. ಮುಂದೆ ಹೋಗಲ್ಲ, ಹಿಂದೆ ಬರಲ್ಲ. ಹಿಂದೆ ನಾನು, ನನ್ನ ಹಿಂದೆ ಇಪ್ಪತ್ತು ಜನ. "ಅಪ್ಪಾ, ಬ್ಯಾಗ್ ತಲೆ ಮೇಲೆ ಎತ್ತಿ! ಅಪ್ಪಾ!" ಎಂದು ಕೂಗಿದೆ. ಕತ್ತಲಲ್ಲಿ ಹಿಂದಿನಿಂದ ಒಬ್ಬ ರೊಮೇನಿಯನ್ ಹೆಂಗಸು ಕನಿಕರದಿಂದ ನನ್ನ ಭುಜ ತಟ್ಟಿ ಕೈಗೆ ಏನೋ ಇಟ್ಟಳು. ತಣ್ಣಗಿತ್ತು. ನೋಡಬೇಕಾಗಿರಲಿಲ್ಲ.

ಆ ರಾತ್ರಿ ಉಳಿದದ್ದು ಬ್ರಾನ್ ಪಕ್ಕದ ಹಳ್ಳಿಯ ಒಂದು ಮನೆಯಲ್ಲಿ. ಮನೆಯಾಕೆ ಅಮ್ಮನ ವಯಸ್ಸಿನವಳೇ. ಮೊದಲು ಪುಟ್ಟ ಲೋಟಗಳಲ್ಲಿ ತಿಳಿನೀರಿನಂಥದ್ದು ತಂದಿಟ್ಟು "ನೊರೊಕ್" ಅಂದಳು. ನಾಲ್ಕು ದಿನದ ಅನುಭವದಿಂದ ಅಪ್ಪ ಅದನ್ನು ನೀರು ಎಂದೇ ತಿಳಿದು, ಎತ್ತಿ ಒಂದೇ ಗುಟುಕಿಗೆ ಹಾಕಿದರು. ಅದು ತ್ಸುಯಿಕಾ, ಪ್ಲಮ್ ಹಣ್ಣಿನ ಭಟ್ಟಿ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು "ಕೆಮ್ಮಿಗೆ ಒಳ್ಳೇದು" ಅಂದರು. ಅವರಿಗೆ ಆಗ ಕೆಮ್ಮು ಇರಲಿಲ್ಲ.

ಅಡುಗೆಮನೆಯಲ್ಲಿ ಕಬ್ಬಿಣದ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಮನೆಯಾಕೆ ಮೆಕ್ಕೆಜೋಳದ ಹಿಟ್ಟು ಸುರಿದು ಉದ್ದನೆಯ ಕೋಲಿನಲ್ಲಿ ತಿರುವತೊಡಗಿದಳು. ಮಮಲಿಗಾ ಅಂತಾರೆ. ಅಮೆರಿಕದಿಂದ ಮೆಕ್ಕೆಜೋಳ ಬರುವ ಮೊದಲು ಇದನ್ನು ಸಿರಿಧಾನ್ಯದ ಹಿಟ್ಟಿನಲ್ಲೇ ಮಾಡುತ್ತಿದ್ದರು. ಕೋಲು ಕಂಡ ಅಮ್ಮ ಸುಮ್ನೆ ಕೂರಲಿಲ್ಲ. "ಹಿಟ್ಟಿನ ಕೋಲು!" ಎಂದು ಒಳಗೇ ಹೋದಳು. ಸ್ವಲ್ಪ ಹೊತ್ತು ನೋಡಿ, "ಗಂಟಾಗ್ತಿದೆ" ಎಂದು ಕನ್ನಡದಲ್ಲಿ ಹೇಳಿ ಕೋಲಿಗೆ ಕೈ ಹಾಕಿದಳು. ಆಕೆ ರೊಮೇನಿಯನ್‌ನಲ್ಲಿ ಏನೋ ಹೇಳಿ ಕೋಲು ಬಿಡಲಿಲ್ಲ. ನಾಲ್ಕು ಕೈ, ಒಂದು ಕೋಲು. ಕೊನೆಗೆ ಅಮ್ಮ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಎರಡು ಸುತ್ತು ತೊಳಸಿದ ಮೇಲೆ ಆಕೆ ಕೈ ಬಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತಳು. ಮರದ ಹಲಗೆಯ ಮೇಲೆ ಕವುಚಿದಾಗ ಅರಿಸಿನದ ಬಣ್ಣದ ದೊಡ್ಡ ಮುದ್ದೆ, ಹಬೆಯಾಡುತ್ತಿತ್ತು. ಅಮ್ಮ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಲು ಹೊರಟಳು. ಆಕೆ ತಡೆದು, ಒಂದು ದಾರ ತಂದು, ಮುದ್ದೆಯ ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಸರಕ್ಕನೆ ಮೇಲಕ್ಕೆಳೆದಳು. ಬೆಣ್ಣೆಯ ಹಾಗೆ ಎರಡು ಹೋಳು. ಈ ಸಲ ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

ಊಟಕ್ಕೆ ಕೂತೆವು. ಮಮಲಿಗಾ, ಪಕ್ಕದಲ್ಲಿ ಕುರಿ ಹಾಲಿನ ಚೀಸು, ಸುಟ್ಟ ಬದನೆಕಾಯಿ ಗೊಜ್ಜಿನಂಥದ್ದು. ಅಪ್ಪ ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹಿಟ್ಟೇನೋ ಸರಿ, ಸಾರೆಲ್ಲಿ?" ಅಂದರು. ಮನೆಯಾಕೆ ಥಟ್ಟನೆ ಉಪ್ಪಿನ ಬಟ್ಟಲು ತಂದಿಟ್ಟಳು. "ಉಪ್ಪಲ್ಲಮ್ಮ, ಸಾರು. ಸಾರೆಲ್ಲಿ?" ಇನ್ನೊಂದು ಬಟ್ಟಲು ಬಂತು, ಈ ಸಲ ಕಲ್ಲುಪ್ಪು. 'ಸಾರೆ' ಅಂದರೆ ಉಪ್ಪು ಅಂತ ನಮಗೆ ಮಾರನೆಯ ದಿನ ಗೊತ್ತಾಯಿತು. "ಅಪ್ಪಾ, ಸುಮ್ನೆ ಊಟ ಮಾಡಿ" ಎಂದು ನಾನು ಬಾಯಿ ತಪ್ಪಿ ಅಂದೆ. ಆಕೆ ನೀರಿನ ಜಗ್ಗು ತಂದಳು. ಉಪ್ಪು, ಉಪ್ಪು, ನೀರು. ಇವರಿಗೆ ಬಿಪಿ ಇದೆ ಅಂತ ಹೇಳುವುದು ಹೇಗೆ ಎಂದು ಅಮ್ಮನಿಗೆ ಚಿಂತೆ. ಆದರೆ ಅಪ್ಪ ಹೋಳನ್ನು ಕೈಯಲ್ಲಿ ಮುರಿದು, ಬದನೆಕಾಯಲ್ಲಿ ಅದ್ದಿ, ಅಗಿಯದೆ ನುಂಗತೊಡಗಿದಾಗ ಮನೆಯಾಕೆ ಬೆರಗಾಗಿ ಪಕ್ಕದ ಮನೆಯವಳನ್ನೂ ಕರೆದು ತೋರಿಸಿದಳು.

ಕೊನೆಯ ದಿನದ ಹೊತ್ತಿಗೆ ಅಪ್ಪ ಆರರಲ್ಲಿ ಐದು ಬಾಟಲಿ ಖಾಲಿ ಮಾಡಿದ್ದರು. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಅಂಗಡಿಯ ಮೆಷಿನ್ ಅರ್ಧ ಲೆವು ಕೊಡುತ್ತದೆ ಎಂದು ಗೊತ್ತಾಗಿ, ಐದನ್ನೂ ತಾವೇ ಹಾಕಿ ಬಂದರು. ಆರನೆಯದು ಬ್ಯಾಗಿನ ತಳದಲ್ಲಿ, ಸುಣ್ಣದ ಡಬ್ಬಿಯ ಕೆಳಗೆ ಉಳಿದುಹೋಗಿತ್ತು. ಏರ್‌ಪೋರ್ಟಿನ ಸೆಕ್ಯುರಿಟಿಯಲ್ಲಿ ಬ್ಯಾಗ್ ಸಿಕ್ಕಿಬಿತ್ತು. ಅಧಿಕಾರಿ ಒಂದೊಂದೇ ಸಾಮಾನು ತೆಗೆದು, ಕೊನೆಗೆ ಬಾಟಲಿ ಎತ್ತಿ ಹಿಡಿದು, ಅಪ್ಪನ ಕಡೆ ನೋಡಿ ಗಂಭೀರವಾಗಿ ಕೇಳಿದ: "ಅಪ?"

ಅಪ್ಪ ನೆಟ್ಟಗೆ ನಿಂತು, ನನ್ನ ಕಡೆ ಕೈ ತೋರಿಸಿ, "ಯೆಸ್ ಸರ್. ಇವಳ ಅಪ್ಪ" ಅಂದರು.