ಕಟ್ಟಿದ ದಿನಾನ ರಿಪೇರಿ ರೊಕ್ಕ ತಗದಿಟ್ಟಿದ್ರು

ಇವತ್ತ ಮುಂಜಾನೆ ತಂಗಿ ಮಗಳ್ನ ಕರ್ಕೊಂಡು ನಮ್ಮ ಮನಿ ಹತ್ರದ ಪಾರ್ಕಿಗೆ ಹೋಗಿದ್ದೆ, ಸಿಟ್ಟು ಇನ್ನೂ ಇಳದಿಲ್ಲ. ಜೋಕಾಲಿ ಸರಪಳಿ ಹರದು ಒಂದ ಕಡೆ ಜೋತು ಬಿದ್ದೈತಿ, ಕಾರಂಜಿ ತೊಟ್ಟಿ ತುಂಬ ಗುಟ್ಕಾ ಚೀಟಿ, ಹೋದ ವರ್ಷ ಹಚ್ಚಿದ ಸಸಿ ಒಣಗಿ ಕಡ್ಡಿ ಆಗ್ಯಾವ. ಅದರ ಬಾಜೂಕನ ಹೊಸಾ ಪೇವರ್ಸ್ ತಂದು ಒಟ್ಟ್ಯಾರ! ಇದ್ದ ಗಿಡಕ್ಕ ನೀರ ಹಾಕಾಕ ಒಬ್ಬ ಮಾಲಿ ಇಲ್ಲ, ಕಲ್ಲು ಹಾಸಾಕ ಮತ್ತ ರೊಕ್ಕ ಬಂತು. "ಮಾಮಾ, ಜೋಕಾಲಿ ಯಾವಾಗ ಚಲೋ ಮಾಡ್ತಾರ?" ಅಂತ ಆ ಹುಡುಗಿ ಕೇಳಿದ್ಲು, ಏನಂತ ಹೇಳ್ಲಿ ನಾ.

ಗೇಟಿನ ಹತ್ರ ಕರೀ ಗ್ರಾನೈಟ್ ಫಲಕ ಐತಿ. ಕಾಮಗಾರಿ ಹೆಸರು, ಅಂದಾಜು ಮೊತ್ತ, ಯಾರ ಅಮೃತ ಹಸ್ತ, ಯಾರ ಅಧ್ಯಕ್ಷತೆ, ಎಲ್ಲಾ ಬರದಾರ. ನಾಳೆ ಇದನ್ನ ಯಾರು ನೋಡಕೋತಾರ, ಯಾವ ರೊಕ್ಕದಾಗ, ಅದರ ಬಗ್ಗೆ ಒಂದ ಸಾಲೂ ಇಲ್ಲ.

ಅಲ್ಲಿಂದ ನಮ್ಮ ಗದಗಿನ ಹಳೇ ತ್ರಿಕೂಟೇಶ್ವರ ಗುಡಿಗೆ ಹೋದ್ವಿ. ಸರಸ್ವತಿ ಗುಡಿ ಕಂಬ ನೋಡ್ಕೋತ ಕುಂತಾಗ ನೆನಪಾತು, 1192ರಾಗ ಹೊಯ್ಸಳ ರಾಜ ವೀರಬಲ್ಲಾಳ ಈ ತ್ರಿಕೂಟೇಶ್ವರ ದೇವ್ರಿಗೆ ನಮ್ಮ ಹೊಂಬಳ ಊರನ್ನ ದತ್ತಿ ಬಿಟ್ಟಿದ್ದ. ಪೂಜಿಗೆ, ಊಟಕ್ಕ, ವಿದ್ಯಾದಾನಕ್ಕ, ಜೊತಿಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕ. ಅಂದ್ರ ಒಡದದ್ದು, ಬಿರಕಾದದ್ದು ಸರಿ ಮಾಡಾಕ! ನಮ್ಮ ಕಡೆ ಎಷ್ಟೋ ದತ್ತಿ ಶಾಸನದಾಗ ಈ ಮಾತು ಬರ್ತೈತಿ. ಕಲ್ಲೂ ಒಡೀತೈತಿ ಅಂತ ಅವ್ರಿಗೆ ಗೊತ್ತಿತ್ತು, ಅದಕ್ಕ ವರ್ಷಾ ವರ್ಷಾ ಹೊಲದ ಹುಟ್ಟುವಳಿ ಬರೂಹಂಗ ಮಾಡಿ ಇಟ್ರು, ಅದನ್ನ ಕೆಡಿಸಿದವ್ರಿಗೆ ವಾರಣಾಸಿಯೊಳಗ ಕವಿಲೆ, ಅಂದ್ರ ಆಕಳ, ಕೊಂದ ಪಾಪ ಹತ್ತಲಿ ಅಂತ ಶಾಪಾನೂ ಬರಸ್ತಿದ್ರು.

ನಾವು? ಪರಿಚಯದ ಎಂಜಿನಿಯರ್ ಒಬ್ರು ಹೇಳಿದ್ರು, "ಅನುದಾನ ಕಾಮಗಾರಿಗೆ ಬರ್ತೈತ್ರಿ, ಮಾಲಿ ಪಗಾರಕ್ಕ ಬರಂಗಿಲ್ಲ". ಹಂಗಾರ ಮಂಜೂರಿ ಕೊಡೂವಾಗನ ಐದ ವರ್ಷದ ನಿರ್ವಹಣಾ ರೊಕ್ಕ ಬ್ಯಾರೆ ತಗದಿಡ್ರಿ! ಉದ್ಯಾನ, ಆಟದ ಮೈದಾನ ಸಂವಿಧಾನದ 12ನೇ ಅನುಸೂಚಿಯೊಳಗ ನಗರಸಭೆ ಕೆಲಸದ ಪಟ್ಟಿಯಾಗನ ಅದಾವ. ಹಳೇ ಗುಡೀದೂ ಇದ ಹಣೇಬರ. ಮಾಳಿಗಿ ಮ್ಯಾಲ ಅರಳಿ ಸಸಿ ಹುಟ್ಟಿದಾಗ ಒಬ್ಬ ಆಳು ಕೈಲೇ ಕೀಳಬಹುದು, ಹತ್ತ ವರ್ಷ ಬಿಟ್ರ ಬೇರು ಇಳದು ಕಲ್ಲು ಸೀಳ್ತೈತಿ, ಆಮ್ಯಾಲ ಬಿಚ್ಚಿ ಕಟ್ಟಾಕ ಲಕ್ಷಗಟ್ಟಲೆ ಬೇಕು. ಆಳಿನ ಪಗಾರಕ್ಕ ಇಲ್ಲದ ರೊಕ್ಕ ಆಗ ಎಲ್ಲಿಂದ ಬರ್ತೈತಿ?

ನಮ್ಮ ಓಣಿ ಕಾಕಾ ಅಂತಾರ, "ನಳಕ್ಕ ನೀರಿಲ್ಲ ತಮ್ಮಾ, ನಿನಗ ಪಾರ್ಕಿನ ಚಿಂತಿ". ಖರೆ ಐತಿ, ನಮ್ಮ ಮನ್ಯಾಗೂ ಬ್ಯಾರಲ್ ತುಂಬಿಸಿಟ್ಟು ದಿನಾ ಎಣಸ್ತೀವಿ. ಆದ್ರ ಒಬ್ಬ ಮಾಲಿ ಪಗಾರ ಉಳಸಿದ್ರ ನಳಕ್ಕ ನೀರ ಬರ್ತೈತೇನು ಕಾಕಾ? ಪೇವರ್ಸ್ ಲಾರಿ ಬಂದು ನಿಂತಾಗ ಈ ಮಾತು ಯಾರೂ ಎತ್ತಲಿಲ್ಲಲ್ಲ.

ಒಂದ ಮಾತು ಒಪ್ಕೋಬೇಕು. ಉದ್ಘಾಟನೆ ದಿನ ಕಾರಂಜಿ ಹಾರಿದಾಗ ನಾನೂ ಚಪ್ಪಾಳಿ ಹೊಡದೇನಿ, ಇಲ್ಲೇ ಫೋಟೋ ಹಾಕಿದ್ದೆ, ನೀವೆಲ್ಲಾ ಲೈಕ್ ಒತ್ತಿದ್ರಿ. ಇದನ್ನ ಮುಂದ ನೋಡಕೊಳ್ಳವ್ರು ಯಾರ್ರಿ ಅಂತ ಅವತ್ತ ನಾ ಬಾಯಿ ಬಿಟ್ಟು ಕೇಳಲಿಲ್ಲ. ಇವತ್ತ ಅದು ಭಾಳ ಚುಚ್ಚಾಕತ್ತೈತಿ.

ಸೋಮವಾರ ಅರ್ಜಿ ಕೊಡಾಕ ಹೊಂಟೇನಿ. ಪೇವರ್ಸ್ ಆಮ್ಯಾಲ ಹಾಕ್ರಿ, ಮೊದಲ ಮಾಲಿ ಕೊಡ್ರಿ, ಜೋಕಾಲಿಗೆ ಸರಪಳಿ ಹಾಕ್ರಿ, ಇಷ್ಟ ಬರದೇನಿ. ಸಹಿ ಮಾಡವ್ರು ನಾಳೆ ಸಂಜಿ ಆರಕ್ಕ ಪಾರ್ಕ್ ಗೇಟಿಗೆ ಬರ್ರಿ, ಕಾಕಾ ನೀವೂ ಬರ್ರಿ.